ಒಂದು ಸಲ ಬರೆದದ್ದು ಎಲ್ಲರಿಗೂ ಕಾಣಬೇಕು: ಇಆರ್‌ಪಿ ಮತ್ತು ಅದರ ಮಾಡ್ಯೂಲ್‌ಗಳು

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ಇನ್ನೇನು ಶಾಲೆಗಳು ತೆರೆಯುವ ಸಮಯ. ನಮ್ಮ ಅಬ್ಬಾ ದಾವಣಗೆರೆಯಲ್ಲಿ ಸ್ಕೂಲ್ ಬ್ಯಾಗ್ ಹೊಲಿಸಿ ಹೋಲ್‌ಸೇಲ್ ಮಾರುತ್ತಾರೆ. ಆರು ಮಷೀನು, ಆರು ಜನ ಕಾರೀಗರರು, ಹಿಂದುಗಡೆ ಒಂದು ಗೋದಾಮು. ನನಗೆ ರಜೆ ಇದ್ದುದರಿಂದ ಅಂಗಡಿಯ ಫೋನ್ ಎತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಗುರುವಾರ ಹರಪನಹಳ್ಳಿ ಕಡೆಯ ಅಂಗಡಿಯವರೊಬ್ಬರು ಫೋನ್ ಮಾಡಿ, "ದೊಡ್ಡ ಸೈಜಿನ ಬ್ಯಾಗ್ 300 ಬೇಕು, ಸೋಮವಾರ ಸಿಗ್ತಾವಾ?" ಎಂದು ಕೇಳಿದರು. ನಾನು ಗೋದಾಮಿನ ನೋಟ್‌ಬುಕ್ ತೆಗೆದು ನೋಡಿದೆ. 340 ಎಂದು ಬರೆದಿತ್ತು. "ಇದಾವೆ ಅಂಕಲ್, ಕಳಿಸ್ತೀವಿ" ಎಂದೆ. ಅವರು ಆಗಲೇ ಅಡ್ವಾನ್ಸ್ ಕೂಡ ಹಾಕಿದರು.

ಸೋಮವಾರ ಗೋದಾಮು ತೆರೆದರೆ ಅಲ್ಲಿದ್ದದ್ದು 100 ಬ್ಯಾಗ್ ಮಾತ್ರ. ನಾನು ಮಾತು ಕೊಡುವ ಎರಡು ದಿನ ಮೊದಲೇ ನಮ್ಮ ಚಾಚಾ ಇನ್ನೊಂದು ಅಂಗಡಿಗೆ 240 ಬ್ಯಾಗ್ ಒಪ್ಪಿಕೊಂಡಿದ್ದರು. ಅದು ಅವರ ಜೇಬಿನ ಡೈರಿಯಲ್ಲಿತ್ತು. ಶನಿವಾರ ರಾತ್ರಿ ಆ ಮಾಲು ಲಾರಿಗೆ ಹೋಗಿತ್ತು. ಗೋದಾಮಿನ ಪುಸ್ತಕದಲ್ಲಿ ಅದನ್ನು ಕಳೆಯುವುದು ಸೋಮವಾರದ ಕೆಲಸ. ಹೋಗಲಿ, ಉಳಿದ 200 ಬ್ಯಾಗ್ ಹೊಲಿಸಿ ಕೊಡೋಣ ಎಂದರೆ ಜಿಪ್ ಸಾಲದು. ಜಿಪ್ ಎಷ್ಟಿದೆ ಎಂಬ ಲೆಕ್ಕ ಮೂರನೆಯ ಪುಸ್ತಕದಲ್ಲಿತ್ತು, ಅದನ್ನು ನಾನು ನೋಡಿಯೇ ಇರಲಿಲ್ಲ.

ಅಬ್ಬಾ ಅಡ್ವಾನ್ಸ್ ವಾಪಸ್ ಕಳಿಸಿದರು. ಫೋನಿನಲ್ಲಿ ಆ ಅಂಗಡಿಯವರು ಕೂಗಾಡಲಿಲ್ಲ. "ನಿಮ್ಮ ಮಾತಿನ ಮೇಲೆ ನಾನು ಊರಲ್ಲಿ ಎರಡು ಸ್ಕೂಲಿಗೆ ಮಾತು ಕೊಟ್ಟಿದ್ದೆ ಸಾಹೇಬ್ರೆ" ಎಂದಷ್ಟೇ ಹೇಳಿದರು. ಅಬ್ಬಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೆಲವು ದಿನಗಳ ನಂತರ ಬಕ್ರೀದ್‌ಗೆ ಖಾಲಾ ಮನೆಯವರು ಬಂದರು. ಖಾಲಾ ಅವರ ದೊಡ್ಡ ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದಾರೆ. ನಾನು ಬಾಜಿಗೆ ಇದನ್ನೆಲ್ಲ ಹೇಳಿದೆ. ಬಾಜಿ ಪೂರ್ತಿ ಕೇಳಿಸಿಕೊಂಡು, "ನಿಮ್ಮಲ್ಲಿ ಮಾಲು ಕಮ್ಮಿ ಆಗಿದ್ದು ಆಮೇಲೆ. ಮೊದಲು ಪುಸ್ತಕ ಜಾಸ್ತಿ ಆಗಿತ್ತು. ನಮ್ಮ ಆಫೀಸಲ್ಲಿ ಇಆರ್‌ಪಿ ಇರೋದು ಇದಕ್ಕೇ" ಎಂದರು. ಅಂದು ಅವರು ವಿವರಿಸಿದ್ದು ಮತ್ತು ಆಮೇಲೆ ನಾನು ಓದಿ ತಿಳಿದದ್ದು ಈ ಲೇಖನದಲ್ಲಿದೆ. ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ನಾಳೆ ಕೆಲಸಕ್ಕೆ ಬರುವ ವಿಷಯ. ವಿಜ್ಞಾನ ಮತ್ತು ಕಲಾ ವಿಭಾಗದವರಿಗೂ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಇಆರ್‌ಪಿ ಎಂದರೇನು?

ಇಆರ್‌ಪಿ ಎಂದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ಒಂದು ಸಂಸ್ಥೆಯ ಹಣ, ಮಾಲು, ಯಂತ್ರ, ಜನ, ಸಮಯ ಇವೆಲ್ಲ ಅದರ ಸಂಪನ್ಮೂಲಗಳು. ಇವುಗಳ ಲೆಕ್ಕವನ್ನು ಬೇರೆ ಬೇರೆ ಪುಸ್ತಕಗಳಲ್ಲಿ, ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಇಡುವ ಬದಲು ಒಂದೇ ದತ್ತಾಂಶ ಭಂಡಾರದಲ್ಲಿ, ಅಂದರೆ ಒಂದೇ ಡೇಟಾಬೇಸ್‌ನಲ್ಲಿ ಇಡುವ ತಂತ್ರಾಂಶವೇ ಇಆರ್‌ಪಿ.

ಒಂದು ಸಂಸ್ಥೆಯಲ್ಲಿ ಖರೀದಿ, ಉತ್ಪಾದನೆ, ಮಾರಾಟ, ಹಣಕಾಸು, ಸಿಬ್ಬಂದಿ ಎಂಬ ವಿಭಾಗಗಳಿರುತ್ತವೆ ಎಂದು ನಾವು ವ್ಯವಹಾರ ಅಧ್ಯಯನದಲ್ಲಿ ಓದಿದ್ದೇವೆ. ಇಆರ್‌ಪಿಯಲ್ಲಿ ಪ್ರತಿ ವಿಭಾಗದ ಕೆಲಸಕ್ಕೂ ಒಂದೊಂದು ಭಾಗ ಇರುತ್ತದೆ. ಅದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಒಂದು ದೊಡ್ಡ ಮನೆಯನ್ನು ಊಹಿಸಿಕೊಳ್ಳಿ. ಅಡುಗೆಮನೆ, ಪಡಸಾಲೆ, ಮಲಗುವ ಕೋಣೆ ಎಲ್ಲ ಬೇರೆ ಬೇರೆ. ಆದರೆ ನೀರಿನ ಟ್ಯಾಂಕ್ ಒಂದೇ. ಯಾವ ಕೋಣೆಯ ನಲ್ಲಿ ತಿರುಗಿಸಿದರೂ ಟ್ಯಾಂಕಿನ ನೀರೇ ಇಳಿಯುತ್ತದೆ. ಮಾಡ್ಯೂಲ್‌ಗಳು ಕೋಣೆಗಳಿದ್ದಂತೆ, ಡೇಟಾಬೇಸ್ ಟ್ಯಾಂಕ್ ಇದ್ದಂತೆ.

ಇದರಲ್ಲಿ ನೆನಪಿಡಬೇಕಾದ ಮಾತು ಒಂದೇ: ಒಂದು ಸಂಗತಿಯನ್ನು ಒಂದೇ ಸಲ, ಅದು ನಡೆದ ಜಾಗದಲ್ಲಿ ಬರೆಯಬೇಕು. ಬರೆದ ಕೂಡಲೇ ಅದು ಬೇಕಾದವರಿಗೆಲ್ಲ ಕಾಣಬೇಕು. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಈಗ ನಮ್ಮ ಅದೇ 300 ಬ್ಯಾಗಿನ ಆರ್ಡರನ್ನು ತೆಗೆದುಕೊಂಡು, ಇಆರ್‌ಪಿ ಇದ್ದಿದ್ದರೆ ಅದು ಯಾವ ಯಾವ ಮಾಡ್ಯೂಲಿಗೆ ಹೋಗುತ್ತಿತ್ತು ನೋಡೋಣ.

ಮಾರಾಟ ಮಾಡ್ಯೂಲ್

ಇದನ್ನು ಸೇಲ್ಸ್ ಅಂಡ್ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಸ್ಯಾಪ್ ತಂತ್ರಾಂಶದಲ್ಲಿ ಎಸ್‌ಡಿ ಎಂಬುದು ಇದರ ಚಿಕ್ಕ ಹೆಸರು. ಗಿರಾಕಿ ವಿಚಾರಿಸುವುದು, ದರ ತಿಳಿಸುವುದು, ಆರ್ಡರ್ ಪಡೆಯುವುದು, ಮಾಲು ಕಳಿಸುವುದು, ಬಿಲ್ ಮಾಡುವುದು ಎಲ್ಲ ಇಲ್ಲಿ ಕ್ರಮವಾಗಿ ನಡೆಯುತ್ತವೆ.

ನಾನು ಫೋನಿನಲ್ಲಿ 300 ಎಂದು ಕೇಳಿಸಿಕೊಂಡು ಕಂಪ್ಯೂಟರಿಗೆ ಹಾಕಿದ ಕೂಡಲೇ ಅದು ಎರಡು ಪ್ರಶ್ನೆಗಳನ್ನು ತಾನೇ ಪರಿಶೀಲಿಸುತ್ತಿತ್ತು. ಮೊದಲನೆಯದು, ಕೊಡಲು ಮಾಲಿದೆಯೇ? ಇಲ್ಲಿ ಅದು ಗೋದಾಮಿನಲ್ಲಿರುವ ಸಂಖ್ಯೆಯನ್ನಷ್ಟೇ ನೋಡುವುದಿಲ್ಲ. ಇರುವ ಮಾಲಿಗೆ ಬರಲಿರುವ ಮಾಲನ್ನು ಕೂಡಿಸಿ, ಬೇರೆಯವರಿಗೆ ಈಗಾಗಲೇ ಒಪ್ಪಿಕೊಂಡ ಮಾಲನ್ನು ಕಳೆಯುತ್ತದೆ. ಉಳಿದದ್ದು ಮಾತ್ರ ಮಾತು ಕೊಡಬಹುದಾದ ಮಾಲು. ನಮ್ಮ ಲೆಕ್ಕದಲ್ಲಿ 340ರಲ್ಲಿ 240 ಕಳೆದರೆ 100. ಸೋಮವಾರದೊಳಗೆ ಹೊಸದಾಗಿ ತಯಾರಾಗಿ ಬರುವುದು ಏನೂ ಇರಲಿಲ್ಲ. ಹಾಗಾಗಿ "ಸೋಮವಾರಕ್ಕೆ 100 ಮಾತ್ರ" ಎಂದು ಅದು ತೋರಿಸುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು 340 ಮಾತ್ರ.

ಎರಡನೆಯದು, ಈ ಗಿರಾಕಿಯ ಹಳೆಯ ಉದ್ರಿ ಎಷ್ಟಿದೆ, ನಾವು ಇಟ್ಟ ಮಿತಿ ದಾಟಿದೆಯೇ? ದಾಟಿದ್ದರೆ ಆರ್ಡರ್ ಅಲ್ಲೇ ನಿಲ್ಲುತ್ತದೆ. ಹಿರಿಯರು ಒಪ್ಪಿಗೆ ಕೊಟ್ಟರೆ ಮಾತ್ರ ಮುಂದೆ ಹೋಗುತ್ತದೆ.

ಉತ್ಪಾದನಾ ಯೋಜನೆ ಮಾಡ್ಯೂಲ್

200 ಬ್ಯಾಗ್ ಕಮ್ಮಿ ಇದೆ ಎಂದು ಗೊತ್ತಾದ ಮೇಲೆ ಅದು ಉತ್ಪಾದನಾ ಯೋಜನೆಯ ಮಾಡ್ಯೂಲಿಗೆ ಕಾಣುತ್ತದೆ. ಇಲ್ಲಿ ಎರಡು ಪಟ್ಟಿಗಳು ಮೊದಲೇ ಇರುತ್ತವೆ. ಒಂದು, ಬಿಲ್ ಆಫ್ ಮೆಟೀರಿಯಲ್ಸ್. ಒಂದು ಬ್ಯಾಗಿಗೆ ಏನೇನು ಎಷ್ಟೆಷ್ಟು ಬೇಕು ಎಂಬ ಪಟ್ಟಿ ಅದು. ನಮ್ಮ ದೊಡ್ಡ ಬ್ಯಾಗಿಗೆ ಬಟ್ಟೆ 1 ಮೀಟರ್, ಜಿಪ್ 2 ಮೀಟರ್, ರನ್ನರ್ 4, ಬಕಲ್ 2, ಜೊತೆಗೆ ಬೆಲ್ಟಿನ ಪಟ್ಟಿ ಮತ್ತು ಫೋಮ್. ಅಮ್ಮಿ ಬಿರಿಯಾನಿಗೆ ಒಂದು ಸೇರು ಅಕ್ಕಿಗೆ ಇಷ್ಟು ಮಾಂಸ, ಇಷ್ಟು ಮೊಸರು ಎಂದು ಲೆಕ್ಕ ಇಟ್ಟಿರುವಂತೆಯೇ ಇದು. ಎರಡನೆಯ ಪಟ್ಟಿ ರೂಟಿಂಗ್. ಕತ್ತರಿಸುವುದು, ಜಿಪ್ ಕೂರಿಸುವುದು, ಹೊಲಿಯುವುದು, ನೋಡಿ ಕಟ್ಟುವುದು ಎಂಬ ಕ್ರಮ ಮತ್ತು ಒಂದೊಂದಕ್ಕೆ ತಗಲುವ ಸಮಯ.

ಇವೆರಡೂ ಇದ್ದರೆ ಉಳಿದದ್ದು ಬರೀ ಗುಣಾಕಾರ, ವ್ಯವಕಲನ. 200 ಬ್ಯಾಗಿಗೆ ಜಿಪ್ 400 ಮೀಟರ್ ಬೇಕು. ನಮ್ಮಲ್ಲಿದ್ದದ್ದು 120 ಮೀಟರ್. ತರಿಸಬೇಕಾದದ್ದು 280 ಮೀಟರ್. ಬೆಂಗಳೂರಿನಿಂದ ಜಿಪ್ ಬರಲು 4 ದಿನ. ಆರು ಮಷೀನಿನಲ್ಲಿ ದಿನಕ್ಕೆ 40 ಬ್ಯಾಗ್ ಆಗುತ್ತದೆ ಎಂದರೆ 200ಕ್ಕೆ 5 ದಿನ. ಒಟ್ಟು 9 ದಿನ. ಈ ಲೆಕ್ಕಕ್ಕೆ ಎಂಆರ್‌ಪಿ, ಅಂದರೆ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್ ಎನ್ನುತ್ತಾರೆ. ಪ್ಯಾಕೆಟ್ ಮೇಲೆ ಅಚ್ಚಾಗುವ ಗರಿಷ್ಠ ಮಾರಾಟ ಬೆಲೆಗೂ ನಾವು ಎಂಆರ್‌ಪಿ ಎನ್ನುತ್ತೇವೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಈ ಲೆಕ್ಕ ಕಣ್ಣ ಮುಂದೆ ಇದ್ದಿದ್ದರೆ ನಾನು ಆ ಅಂಗಡಿಯವರಿಗೆ, "ಅಂಕಲ್, ಸೋಮವಾರ 100 ಕೊಡ್ತೀವಿ, ಉಳಿದ 200ಕ್ಕೆ ಒಂಬತ್ತು ದಿನ ಬೇಕು" ಎಂದು ಹೇಳುತ್ತಿದ್ದೆ. ಅವರು ಒಪ್ಪುತ್ತಿದ್ದರೋ, ಬೇರೆ ಕಡೆ ಹೋಗುತ್ತಿದ್ದರೋ ಅದು ಅವರ ಇಷ್ಟ. ಆದರೆ ಗುರುವಾರವೇ ತೀರ್ಮಾನ ಮಾಡುವ ಅವಕಾಶ ಅವರಿಗೆ ಇರುತ್ತಿತ್ತು. ಸುಳ್ಳು ಹೇಳದೆಯೂ ನಾನು ಅವರಿಂದ ಕಿತ್ತುಕೊಂಡದ್ದು ಆ ನಾಲ್ಕು ದಿನಗಳನ್ನು.

ಖರೀದಿ ಮತ್ತು ದಾಸ್ತಾನು ಮಾಡ್ಯೂಲ್

280 ಮೀಟರ್ ಜಿಪ್ ಬೇಕು ಎಂಬುದು ಈಗ ಖರೀದಿಯವರಿಗೆ ಬೇಡಿಕೆಯಾಗಿ ಹೋಗುತ್ತದೆ. ಇದು ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಅಥವಾ ಎಂಎಂ ಮಾಡ್ಯೂಲ್. ಇಲ್ಲಿ ಮೊದಲು ಬೇಡಿಕೆ, ಆಮೇಲೆ ಪೂರೈಕೆದಾರರಿಗೆ ಪರ್ಚೇಸ್ ಆರ್ಡರ್, ಮಾಲು ಬಂದಾಗ ಗೋದಾಮಿನಲ್ಲಿ ಸ್ವೀಕೃತಿ, ಕೊನೆಗೆ ಅವರ ಬಿಲ್ಲಿನ ಪರಿಶೀಲನೆ.

ಈ ಪರಿಶೀಲನೆ ನನಗೆ ಬಹಳ ಇಷ್ಟವಾಯಿತು. ಕಂಪ್ಯೂಟರ್ ಮೂರು ಕಾಗದಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ನಾವು ಎಷ್ಟು ಕೇಳಿದ್ದೆವು, ಎಷ್ಟು ಬಂತು, ಅವರು ಎಷ್ಟಕ್ಕೆ ಬಿಲ್ ಹಾಕಿದ್ದಾರೆ. 280 ಮೀಟರ್ ಕೇಳಿ, 250 ಬಂದು, ಬಿಲ್ 280ಕ್ಕೆ ಇದ್ದರೆ ಹಣ ಪಾವತಿ ಅಲ್ಲೇ ನಿಲ್ಲುತ್ತದೆ. ಆರ್ಡರ್ ಕೊಡುವವರು ಒಬ್ಬರು, ಮಾಲು ಎಣಿಸುವವರು ಇನ್ನೊಬ್ಬರು, ಹಣ ಕೊಡುವವರು ಮತ್ತೊಬ್ಬರು ಇರಬೇಕು ಎಂದೂ ಇಆರ್‌ಪಿಯಲ್ಲಿ ನಿಯಮ ಹಾಕಬಹುದು. ಒಬ್ಬರ ಕೆಲಸವನ್ನು ಇನ್ನೊಬ್ಬರ ಕೆಲಸ ತಾನಾಗಿಯೇ ಪರೀಕ್ಷಿಸುತ್ತದೆ. ಲೆಕ್ಕಪರಿಶೋಧನೆಯಲ್ಲಿ ಆಂತರಿಕ ತಪಾಸಣೆ ಎನ್ನುವುದು ಇದನ್ನೇ.

ಹಣಕಾಸು ಮಾಡ್ಯೂಲ್

ಲೆಕ್ಕಶಾಸ್ತ್ರ ಓದುವ ನಮಗೆ ಇದು ಹತ್ತಿರದ ಮಾಡ್ಯೂಲ್. ಇದರ ಚಿಕ್ಕ ಹೆಸರು ಎಫ್‌ಐ. ನಾವು ತರಗತಿಯಲ್ಲಿ ಪ್ರತಿ ವ್ಯವಹಾರಕ್ಕೂ ಜರ್ನಲ್ ಬರೆದು, ಲೆಡ್ಜರಿಗೆ ಹಾಕಿ, ಟ್ರಯಲ್ ಬ್ಯಾಲೆನ್ಸ್ ತೆಗೆಯುತ್ತೇವೆ. ಇಆರ್‌ಪಿಯಲ್ಲಿ ಹೆಚ್ಚಿನ ಜರ್ನಲ್ ನಮೂದುಗಳನ್ನು ಅಕೌಂಟೆಂಟ್ ಬರೆಯುವುದೇ ಇಲ್ಲ. ಗೋದಾಮಿನವರು, ಮಾರಾಟದವರು ತಮ್ಮ ತಮ್ಮ ಕೆಲಸ ದಾಖಲಿಸಿದಾಗ ಅವು ತಾವಾಗಿಯೇ ಹುಟ್ಟುತ್ತವೆ.

ಜಿಪ್ ಮೀಟರಿಗೆ 12 ರೂಪಾಯಿ ಎಂದಿಟ್ಟುಕೊಳ್ಳಿ. ಸುಲಭವಾಗಲಿ ಎಂದು ಜಿಎಸ್‌ಟಿ ಬಿಟ್ಟಿದ್ದೇನೆ.

ಗೋದಾಮಿನಲ್ಲಿ 280 ಮೀಟರ್ ಸ್ವೀಕರಿಸಿದಾಗ: ದಾಸ್ತಾನು ಖಾತೆ ಡೆಬಿಟ್ 3,360, ಜಿಆರ್-ಐಆರ್ ಖಾತೆ ಕ್ರೆಡಿಟ್ 3,360.

ಬಿಲ್ ಪರಿಶೀಲಿಸಿದಾಗ: ಜಿಆರ್-ಐಆರ್ ಖಾತೆ ಡೆಬಿಟ್ 3,360, ಪೂರೈಕೆದಾರರ ಖಾತೆ ಕ್ರೆಡಿಟ್ 3,360.

ಹಣ ಕೊಟ್ಟಾಗ: ಪೂರೈಕೆದಾರರ ಖಾತೆ ಡೆಬಿಟ್ 3,360, ಬ್ಯಾಂಕ್ ಖಾತೆ ಕ್ರೆಡಿಟ್ 3,360.

ನಡುವೆ ಬಂದ ಜಿಆರ್-ಐಆರ್ ಖಾತೆ ನಮ್ಮ ಪಠ್ಯದಲ್ಲಿ ಇಲ್ಲ. ಮಾಲು ಬಂದಿದೆ, ಬಿಲ್ ಬಂದಿಲ್ಲ. ಅಥವಾ ಬಿಲ್ ಬಂದಿದೆ, ಮಾಲು ಬಂದಿಲ್ಲ. ಇಂಥ ಅರ್ಧ ನಡೆದ ವ್ಯವಹಾರಗಳು ನಿಲ್ಲುವ ತಂಗುದಾಣ ಅದು. ಎರಡೂ ಬಂದಾಗ ಅದರ ಬಾಕಿ ಸೊನ್ನೆ ಆಗುತ್ತದೆ. ಸೊನ್ನೆ ಆಗದೆ ಉಳಿದಿದ್ದರೆ ಎಲ್ಲೋ ಏನೋ ಬಾಕಿ ಇದೆ ಎಂದರ್ಥ. ತಿಂಗಳ ಕೊನೆಯಲ್ಲಿ ತಾನು ಮೊದಲು ನೋಡುವ ಖಾತೆಗಳಲ್ಲಿ ಇದೂ ಒಂದು ಎಂದು ಬಾಜಿ ಹೇಳಿದರು.

ಮಾರಾಟದ ಕಡೆಯೂ ಹೀಗೆಯೇ. ನಮಗೆ 190 ರೂಪಾಯಿ ಬೀಳುವ ಬ್ಯಾಗನ್ನು 250ಕ್ಕೆ ಮಾರುತ್ತೇವೆ ಎಂದುಕೊಳ್ಳಿ. 100 ಬ್ಯಾಗ್ ಲಾರಿಗೆ ಹೋದಾಗ ಮಾರಿದ ಮಾಲಿನ ವೆಚ್ಚ ಡೆಬಿಟ್ 19,000, ದಾಸ್ತಾನು ಕ್ರೆಡಿಟ್ 19,000. ಬಿಲ್ ಮಾಡಿದಾಗ ಗಿರಾಕಿಯ ಖಾತೆ ಡೆಬಿಟ್ 25,000, ಮಾರಾಟ ಕ್ರೆಡಿಟ್ 25,000. ಲಾರಿ ಹೊರಟ ಕ್ಷಣಕ್ಕೇ ದಾಸ್ತಾನು ಕಮ್ಮಿಯಾಗುತ್ತದೆ. ನಮ್ಮಲ್ಲಿ ಶನಿವಾರ ಹೋದ ಮಾಲು ಸೋಮವಾರದವರೆಗೆ ಪುಸ್ತಕದಲ್ಲಿ ಕುಳಿತೇ ಇತ್ತು.

ಜಿಎಸ್‌ಟಿ ಲೆಕ್ಕವೂ ಇದೇ ದಾಖಲೆಗಳಿಂದ ಬರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ಎರಡೂ ಕಡೆಯ ಬಿಲ್ ಸರಿಯಾಗಿರಲೇಬೇಕು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಿಗಳು ಬೇರೆ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್ ಮಾಡುವುದು ಕಡ್ಡಾಯವಾಯಿತು.

ಹಣಕಾಸಿನ ಪಕ್ಕದಲ್ಲೇ ವೆಚ್ಚ ನಿಯಂತ್ರಣದ ಮಾಡ್ಯೂಲ್ ಇರುತ್ತದೆ. ಎಫ್‌ಐ ಹೊರಗಿನವರಿಗೆ, ಅಂದರೆ ಬ್ಯಾಂಕಿಗೆ, ಸರ್ಕಾರಕ್ಕೆ, ಷೇರುದಾರರಿಗೆ ಲೆಕ್ಕ ಒಪ್ಪಿಸುತ್ತದೆ. ವೆಚ್ಚ ನಿಯಂತ್ರಣ ಒಳಗಿನವರಿಗೆ ಉತ್ತರ ಕೊಡುತ್ತದೆ. ದೊಡ್ಡ ಬ್ಯಾಗಿನಲ್ಲಿ ಲಾಭವೋ, ಚಿಕ್ಕ ಬ್ಯಾಗಿನಲ್ಲಿ ಲಾಭವೋ? ಒಂದು ಬ್ಯಾಗಿಗೆ ಕರೆಂಟ್ ಎಷ್ಟು ಬೀಳುತ್ತದೆ?

ಸಿಬ್ಬಂದಿ, ಗುಣಮಟ್ಟ, ಯಂತ್ರಗಳು

ಮಾನವ ಸಂಪನ್ಮೂಲ ಮಾಡ್ಯೂಲಿನಲ್ಲಿ ನೇಮಕಾತಿ, ಹಾಜರಿ, ರಜೆ, ಸಂಬಳ, ಭವಿಷ್ಯ ನಿಧಿ ಎಲ್ಲ ಇರುತ್ತವೆ. ನಮ್ಮ ಕಾರೀಗರರಿಗೆ ಪೀಸ್ ಲೆಕ್ಕದಲ್ಲಿ ಶನಿವಾರ ಬಟವಾಡೆ. ಯಾರು ಎಷ್ಟು ಹೊಲಿದರು ಎಂದು ಉತ್ಪಾದನೆಯಲ್ಲಿ ದಾಖಲಾದ ಸಂಖ್ಯೆಯೇ ಬಟವಾಡೆಗೂ ಹೋದರೆ, "ನಾನು 42 ಹೊಲಿದೆ, ನೀವು 38 ಬರೆದಿದ್ದೀರಿ" ಎಂಬ ಜಗಳಕ್ಕೆ ಜಾಗ ಉಳಿಯುವುದಿಲ್ಲ. ದುಡಿದವರ ಹಕ್ಕು ಸರಿಯಾಗಿ ಸಿಗುವುದು ಕೂಡ ಒಂದು ನಮೂದಿನ ಮೇಲೆ ನಿಂತಿದೆ.

ಗುಣಮಟ್ಟದ ಮಾಡ್ಯೂಲ್ ಬಂದ ಜಿಪ್ಪನ್ನು ಪರೀಕ್ಷೆಯಾಗುವವರೆಗೆ ಬೇರೆ ಇಡುತ್ತದೆ. ಅದು ಎಣಿಕೆಯಲ್ಲಿ ಕಂಡರೂ ಬಳಕೆಗೆ ಸಿಗುವುದಿಲ್ಲ. ಯಂತ್ರ ನಿರ್ವಹಣೆಯ ಮಾಡ್ಯೂಲ್ ಯಾವ ಮಷೀನಿಗೆ ಯಾವಾಗ ಸರ್ವಿಸ್ ಆಗಬೇಕು ಎಂದು ನೆನಪಿಸುತ್ತದೆ. ಒಂದು ಮಷೀನ್ ಎರಡು ದಿನ ನಿಂತರೆ ಉತ್ಪಾದನಾ ಯೋಜನೆಯ ದಿನಾಂಕ ಮುಂದೆ ಹೋಗುತ್ತದೆ, ಅದರಿಂದ ಮಾರಾಟದವರು ಕೊಡುವ ದಿನಾಂಕವೂ ಬದಲಾಗುತ್ತದೆ. ಮಾಡ್ಯೂಲ್‌ಗಳ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಸುದ್ದಿ ಒಂದರಿಂದ ಇನ್ನೊಂದಕ್ಕೆ ಹೀಗೆ ಹೇಗೆ ಹರಿಯುತ್ತದೆ ಎಂದು ನೋಡಿದರೆ ವಿಷಯ ಬೇಗ ತಲೆಗೆ ಹತ್ತುತ್ತದೆ.

ಇದು ಎಲ್ಲಿಂದ ಬಂತು?

1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕಚ್ಚಾ ಮಾಲಿನ ಲೆಕ್ಕಕ್ಕೆ ಕಂಪ್ಯೂಟರ್ ಬಳಸತೊಡಗಿದರು. ಮೇಲೆ ಹೇಳಿದ ಎಂಆರ್‌ಪಿ ಹುಟ್ಟಿದ್ದು ಆಗ. ಅದನ್ನು ರೂಪಿಸಿದವರಲ್ಲಿ ಜೋಸೆಫ್ ಓರ್ಲಿಕಿ ಎಂಬ ಎಂಜಿನಿಯರ್ ಪ್ರಮುಖರು. 1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಬಿಟ್ಟು ಬಂದ ಐವರು ಸ್ಯಾಪ್ ಕಂಪನಿ ಶುರು ಮಾಡಿದರು. ಆ ಕಾಲದಲ್ಲಿ ದಿನದ ವ್ಯವಹಾರಗಳನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೂಡಿಟ್ಟು, ರಾತ್ರಿ ಒಟ್ಟಿಗೆ ಕಂಪ್ಯೂಟರಿಗೆ ಕೊಡುತ್ತಿದ್ದರು. ಸಂಖ್ಯೆಗಳು ಸಿಗುವ ಹೊತ್ತಿಗೆ ಅವು ನಿನ್ನೆಯ ಸಂಖ್ಯೆಗಳಾಗಿರುತ್ತಿದ್ದವು. ಬರೆದ ಕೂಡಲೇ ಲೆಕ್ಕ ಆಗಬೇಕು ಎಂಬುದು ಈ ಐವರ ಆಲೋಚನೆ. ಅವರ ತಂತ್ರಾಂಶಗಳಿಗೆ ಆರ್/2, ಆರ್/3 ಎಂದು ಹೆಸರು. ಅದರಲ್ಲಿನ ಆರ್ ಎಂಬುದು ರಿಯಲ್ ಟೈಮ್ ಎಂಬುದನ್ನು ಸೂಚಿಸುತ್ತದೆ. ಇಆರ್‌ಪಿ ಎಂಬ ಹೆಸರನ್ನು 1990ರಲ್ಲಿ ಗಾರ್ಟ್ನರ್ ಎಂಬ ಸಂಶೋಧನಾ ಸಂಸ್ಥೆ ಬಳಕೆಗೆ ತಂದಿತು.

ನಮ್ಮ ರಾಜ್ಯಕ್ಕೂ ಇಲ್ಲಿ ಒಂದು ಪಾಲಿದೆ. ಲೆಕ್ಕ ಬರೆಯುವ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲಿರುವ ಟ್ಯಾಲಿ ಶುರುವಾದದ್ದು 1986ರಲ್ಲಿ, ಬೆಂಗಳೂರಿನಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಂದಲೇ ಬರೆಸಿದರು. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಿಕ್ಕಿತು. ಟ್ಯಾಲಿ ಮೊದಲು ಲೆಕ್ಕಪತ್ರಕ್ಕಷ್ಟೇ ಇದ್ದು, ಆಮೇಲೆ ದಾಸ್ತಾನು, ತೆರಿಗೆ, ಸಂಬಳ ಎಂದು ಬೆಳೆಯಿತು. ಸ್ಯಾಪ್ ಕೂಡ ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರ ಹೊಂದಿದೆ. ಕಲಿಯಬೇಕೆನ್ನುವವರಿಗೆ ಮುಂಬೈಯಲ್ಲಿ ತಯಾರಾದ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶವೂ ಇದೆ. ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ.

ದೊಡ್ಡವರೂ ಎಡವಿದ್ದಾರೆ

ಇಷ್ಟು ಓದಿದ ಮೇಲೆ ಇಆರ್‌ಪಿ ಕೊಂಡರೆ ಸಮಸ್ಯೆ ಮುಗಿಯಿತು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆಗ ಬಾಜಿ ಹರ್ಷೀಸ್ ಕಥೆ ಹೇಳಿದರು.

ಹರ್ಷೀಸ್ ಅಮೆರಿಕದ ಪೆನ್ಸಿಲ್ವೇನಿಯಾದ ಚಾಕೊಲೇಟ್ ಕಂಪನಿ. ಅಲ್ಲಿ ಅಕ್ಟೋಬರ್ 31ರಂದು ಹ್ಯಾಲೋವೀನ್. ಮಕ್ಕಳು ಮನೆ ಮನೆಗೆ ಹೋಗಿ ಸಿಹಿ ಕೇಳುತ್ತಾರೆ. ನಮಗೆ ಜೂನ್ ಹೇಗೋ ಚಾಕೊಲೇಟ್ ವ್ಯಾಪಾರಕ್ಕೆ ಆ ದಿನಗಳು ಹಾಗೆ. ಕಂಪನಿ ಸುಮಾರು 11.2 ಕೋಟಿ ಡಾಲರ್ ಖರ್ಚಿನಲ್ಲಿ ಸ್ಯಾಪ್ ಮತ್ತು ಇನ್ನೆರಡು ತಂತ್ರಾಂಶಗಳನ್ನು ಒಟ್ಟಿಗೆ ಹಾಕಿತು. 48 ತಿಂಗಳು ಬೇಕು ಎಂದಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿದರು. ಎಲ್ಲವನ್ನೂ ಚಾಲೂ ಮಾಡಿದ್ದು 1999ರ ಜುಲೈಯಲ್ಲಿ, ಹಬ್ಬದ ಆರ್ಡರ್‌ಗಳು ಬರತೊಡಗುವ ಹೊತ್ತಿಗೇ.

ಆಮೇಲೆ ನಡೆದದ್ದು ನಮ್ಮ ಗೋದಾಮಿನ ಕಥೆಯೇ, ದೊಡ್ಡ ಅಳತೆಯಲ್ಲಿ. ಕಂಪನಿಯ ಬಳಿ ಚಾಕೊಲೇಟ್ ಇತ್ತು, ಅಂಗಡಿಗಳಿಗೆ ತಲುಪಲಿಲ್ಲ. ಹಬ್ಬದ ಸಮಯಕ್ಕೆಂದು ಹೆಚ್ಚುವರಿ ಜಾಗಗಳಲ್ಲಿ ಇಟ್ಟಿದ್ದ ಮಾಲಿನ ವಿವರ ಹೊಸ ವ್ಯವಸ್ಥೆಗೆ ಸರಿಯಾಗಿ ಸೇರಿರಲಿಲ್ಲ. ಕಂಪ್ಯೂಟರಿಗೆ ಗೊತ್ತಿಲ್ಲದ ಮಾಲು ಕಂಪ್ಯೂಟರಿನ ಮಟ್ಟಿಗೆ ಇಲ್ಲವೇ ಇಲ್ಲ. ಸುಮಾರು 10 ಕೋಟಿ ಡಾಲರ್ ಬೆಲೆಯ ಆರ್ಡರ್‌ಗಳನ್ನು ಸಮಯಕ್ಕೆ ಕಳಿಸಲಾಗಲಿಲ್ಲ. ಆ ವರ್ಷದ ಮೂರನೇ ತ್ರೈಮಾಸಿಕದಲ್ಲಿ ಲಾಭ 19 ಶೇಕಡಾ ಕುಸಿಯಿತು.

ಇದರಿಂದ ನಾನು ಮೂರು ವಿಷಯ ಕಲಿತೆ. ಒಂದು, ವ್ಯಾಪಾರ ಜೋರಾಗಿರುವ ತಿಂಗಳಲ್ಲಿ ಹೊಸ ವ್ಯವಸ್ಥೆ ಶುರು ಮಾಡಬಾರದು. ಎರಡು, ಒಂದೇ ದಿನ ಎಲ್ಲ ಮಾಡ್ಯೂಲ್ ಬದಲಿಸುವುದಕ್ಕಿಂತ ಒಂದೊಂದಾಗಿ ಬದಲಿಸುವುದು ಕ್ಷೇಮ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಲ್ಲರೂ ಒಂದೇ ಪುಸ್ತಕ ಓದುವಾಗ ಅದರಲ್ಲಿನ ಒಂದು ತಪ್ಪನ್ನೂ ಎಲ್ಲರೂ ಓದುತ್ತಾರೆ. ಮೊದಲು ಗೋದಾಮಿನವರ ತಪ್ಪು ಗೋದಾಮಿನಲ್ಲೇ ಉಳಿಯುತ್ತಿತ್ತು. ಈಗ ಅದು ಮಾರಾಟಕ್ಕೂ, ಖರೀದಿಗೂ, ಬ್ಯಾಲೆನ್ಸ್ ಶೀಟಿಗೂ ಅದೇ ನಿಮಿಷ ತಲುಪುತ್ತದೆ. ಹಾಗಾಗಿ ಬರೆಯುವವರ ಹೊಣೆ ಕಮ್ಮಿಯಾಗಿಲ್ಲ, ಹೆಚ್ಚಾಗಿದೆ.

ಬರೆದಿಡುವ ಮಾತು ನಮಗೆ ಹೊಸದಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಸೂರಃ ಅಲ್ ಬಕರಃದ 282ನೆಯದು. ಅದು ಮಾತನಾಡುವುದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಬರೆಯುವವನು ನ್ಯಾಯವಾಗಿ ಬರೆಯುವ ಬಗ್ಗೆ, ಸಾಕ್ಷಿಗಳ ಬಗ್ಗೆ. ಚಿಕ್ಕ ವ್ಯವಹಾರವೆಂದು ಬರೆಯಲು ಬೇಸರ ಮಾಡಬಾರದು ಎಂಬ ತಿಳಿವಳಿಕೆಯೂ ಅದರಲ್ಲಿದೆ. ಇದನ್ನು ಚಿಕ್ಕಂದಿನಿಂದ ಕೇಳಿದ್ದೆ. ಗೋದಾಮಿನ ಬಾಗಿಲಲ್ಲಿ ನಿಂತು 100 ಬ್ಯಾಗ್ ಎಣಿಸಿದ ದಿನ ಅದರ ಅರ್ಥ ಸ್ವಲ್ಪ ಹೆಚ್ಚು ತಿಳಿಯಿತು.

ನಮ್ಮ ಅಂಗಡಿಯಲ್ಲಿ ಈಗ

ನಾವು ಇಆರ್‌ಪಿ ಕೊಂಡಿಲ್ಲ. ಆರು ಮಷೀನಿನ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಅದರ ನಿಯಮವನ್ನು ಮಾತ್ರ ತೆಗೆದುಕೊಂಡೆವು. ಮೂರು ನೋಟ್‌ಬುಕ್ ಮತ್ತು ಒಂದು ಜೇಬಿನ ಡೈರಿ ಹೋಗಿ ಒಂದೇ ದೊಡ್ಡ ಪುಸ್ತಕ ಬಂದಿದೆ. ಅದು ಫೋನಿನ ಪಕ್ಕದಲ್ಲೇ ಇರುತ್ತದೆ. ಪ್ರತಿ ಸೈಜಿಗೆ ನಾಲ್ಕು ಕಾಲಂ: ಗೋದಾಮಿನಲ್ಲಿರುವುದು, ತಯಾರಾಗಿ ಬರಲಿರುವುದು, ಒಪ್ಪಿಕೊಂಡದ್ದು, ಒಪ್ಪಿಕೊಳ್ಳಬಹುದಾದದ್ದು. ಕೊನೆಯ ಪುಟದಲ್ಲಿ ಜಿಪ್, ಬಟ್ಟೆ, ಬಕಲ್‌ಗಳ ಲೆಕ್ಕ. ಚಾಚಾ ಮೊದಲು "ನಂಗೆಲ್ಲ ನೆನಪಿರುತ್ತೆ, ಇದೆಲ್ಲ ಯಾಕೆ" ಎಂದರು. ಈಗ ಹೊರಗೆಲ್ಲಾದರೂ ಆರ್ಡರ್ ಒಪ್ಪಿಕೊಳ್ಳುವ ಮೊದಲು ಫೋನ್ ಮಾಡಿ, "ನಾಲ್ಕನೇ ಕಾಲಂನಲ್ಲಿ ಎಷ್ಟಿದೆ?" ಎಂದು ಕೇಳುತ್ತಾರೆ.

ಪಿಯುಸಿ ಮುಗಿಸಿ ಬಿಕಾಂ, ಬಿಬಿಎ, ಸಿಎ ಎಂದು ಹೋಗುವ ನಮ್ಮಲ್ಲಿ ಅನೇಕರು ಮುಂದೆ ಯಾವುದೋ ಇಆರ್‌ಪಿಯ ಯಾವುದೋ ಒಂದು ಮಾಡ್ಯೂಲಿನ ಮುಂದೆ ಕೂರುತ್ತೇವೆ. ಆಗ ನಾವು ಹಾಕುವ ಸಂಖ್ಯೆಯನ್ನು ನಂಬಿ, ನಮಗೆ ಕಾಣದ ಯಾರೋ ಒಬ್ಬರು ಇನ್ಯಾರಿಗೋ ಮಾತು ಕೊಡುತ್ತಿರುತ್ತಾರೆ. ಎಂಟರ್ ಒತ್ತುವ ಮೊದಲು ಒಮ್ಮೆ ಅವರನ್ನು ನೆನೆಸಿಕೊಂಡರೆ ಸಾಕು.

ಹರಪನಹಳ್ಳಿ ಕಡೆಯ ಅಂಗಡಿಯವರು ಈ ವರ್ಷ ಇನ್ನೂ ಫೋನ್ ಮಾಡಿಲ್ಲ. ಮಾಡಿದರೆ ಏನು ಹೇಳಬೇಕು ಎಂದು ನನಗೆ ಗೊತ್ತಿದೆ. ಮೊದಲು ಕ್ಷಮೆ ಕೇಳುತ್ತೇನೆ, ಆಮೇಲೆ ನಾಲ್ಕನೇ ಕಾಲಂ ನೋಡಿ ಹೇಳುತ್ತೇನೆ.